ಉತಾರ ಇಲ್ಲದವನಿಗೆ ಜಾಮೀನು ಯಾರು?

ನಮ್ಮ ಗುಡಗೇರಿಯಲ್ಲಿ ‘ಪ್ರೊಬೇಷನ್’ ಎಂಬ ಶಬ್ದ ಗೊತ್ತಿಲ್ಲದವರು ಕಡಿಮೆ. ಹೊಸದಾಗಿ ಸರಕಾರಿ ಸಾಲಿ ಮಾಸ್ತರ ಆದವನನ್ನೋ, ತಲಾಠಿ ಆದವನನ್ನೋ ಚಹಾದಂಗಡಿಯಲ್ಲಿ ಕಂಡರೆ ಹಿರಿಯರು ಮೊದಲು ಕೇಳುವುದೇ ‘ಏನಪಾ ತಮ್ಮಾ, ಪ್ರೊಬೇಷನ್ ಮುಗೀತೇನು?’ ಎಂದು. ಹಾಗೆಂದರೆ ನೌಕರಿ ಕಾಯಂ ಆಯಿತೇ, ಇನ್ನು ಹೆಣ್ಣು ನೋಡಬಹುದೇ ಎಂದರ್ಥ. ಇದೇ ಶಬ್ದಕ್ಕೆ ಇನ್ನೊಂದು ಅರ್ಥವಿದೆ, ಅದಕ್ಕೊಂದು ಕಾಯ್ದೆಯಿದೆ, ಆ ಕಾಯ್ದೆಗೆ ಅರವತ್ತು ವರ್ಷ ದಾಟಿದೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ನಂಬದಿರುವುದರಲ್ಲಿ ಅವರ ತಪ್ಪಿಲ್ಲ. ನಾನು ಇಪ್ಪತ್ತಾರು ವರ್ಷದಿಂದ ಈ ಭಾಗದ ಕೋರ್ಟುಗಳಲ್ಲಿ ವಕೀಲಿ ಮಾಡುತ್ತಿದ್ದೇನೆ. ಆ ಕಾಯ್ದೆ ನಮ್ಮ ಹಳ್ಳಿಯ ಯಾವನಾದರೂ ಬಡವನ ಮನೆ ಬಾಗಿಲಿಗೆ ನಡೆದು ಬಂದದ್ದನ್ನು ನಾನೂ ನೋಡಿಲ್ಲ.

ಅದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಮೊದಲ ಸಲ ತಪ್ಪು ಮಾಡಿದವನನ್ನು ಜೈಲಿಗೆ ಕಳಿಸುವ ಬದಲು ಬುದ್ಧಿ ಹೇಳಿ ಬಿಡಬಹುದು; ಇಲ್ಲವೇ ಮೂರು ವರ್ಷ ಮೀರದ ಅವಧಿಗೆ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಒಬ್ಬ ಅಧಿಕಾರಿಯ ಕಣ್ಗಾವಲಿನಲ್ಲಿ ಮನೆಗೆ ಕಳಿಸಬಹುದು. ಆ ಅಧಿಕಾರಿಯೇ ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಆಫೀಸರ್. ನಾನು ಬರೆಯಹೊರಟಿರುವುದು ಆ ಅಧಿಕಾರಿಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅಂಥ ಅಧಿಕಾರಿಗಳ ಮೇಲೆ ಕೂತು ಜಿಲ್ಲೆಯ ಈ ಕೆಲಸಕ್ಕೆಲ್ಲ ಉತ್ತರ ಕೊಡಬೇಕಾದ ಹಿರಿಯ ಅಧಿಕಾರಿಯ ಬಗ್ಗೆ. ನನ್ನ ತಕರಾರು ಸರಳವಾಗಿದೆ. ಆ ಕುರ್ಚಿಯಲ್ಲಿ ಪೂರ್ತಿ ಹೊತ್ತಿನ, ಪೂರ್ತಿ ಜವಾಬ್ದಾರಿಯ ಮನುಷ್ಯ ಕೂರುವವರೆಗೆ ಬಡವನ ಜಾಮೀನಿನ ಬಗ್ಗೆ ದಿಲ್ಲಿಯಿಂದ ಬರುವ ಎಲ್ಲ ಒಳ್ಳೆಯ ಮಾತುಗಳೂ ನಮ್ಮೂರಿನ ಎರೆ ಹೊಲದ ಬಿರುಕಿನಲ್ಲಿ ಬಿದ್ದ ನೀರು. ಎಲ್ಲಿಗೆ ಹೋಯಿತೆಂದೇ ತಿಳಿಯುವುದಿಲ್ಲ.

ಮೊದಲು ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು.

2019ರ ಬೇಸಿಗೆ. ನಮ್ಮೂರ ಕಡೆಯ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಬೋರ್‌ವೆಲ್ಲಿನ ಕೇಬಲ್ ಕದ್ದ. ಸುಟ್ಟು, ತಾಮ್ರ ತೆಗೆದು, ಗುಜರಿಗೆ ಹಾಕಿದ. ಕೇಬಲ್ಲಿನ ಬೆಲೆ ನಾಲ್ಕೂವರೆ ಸಾವಿರ. ಅವನಿಗೆ ಗುಜರಿಯಲ್ಲಿ ಸಿಕ್ಕದ್ದು ಎಂಟುನೂರು. ಅದಕ್ಕೆ ಮುಂಚೆ ಅವನ ಮೇಲೆ ಒಂದೂ ಕೇಸಿರಲಿಲ್ಲ. ಹನ್ನೊಂದನೆಯ ದಿನ ಕೋರ್ಟು ಜಾಮೀನು ಕೊಟ್ಟಿತು: 25,000 ರೂಪಾಯಿಯ ಮುಚ್ಚಳಿಕೆ, ಅಷ್ಟೇ ಮೊತ್ತಕ್ಕೆ ಒಬ್ಬ ಸ್ಥಳೀಯ ಜಾಮೀನುದಾರ. ಅವನ ಅಪ್ಪ ಕೂಲಿ. ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ನಮ್ಮ ಕಡೆ ಜಾಮೀನು ನಿಲ್ಲುವುದೆಂದರೆ ಹೊಲದ ಉತಾರ ತರುವುದು. ಉತಾರ ಇದ್ದವರು ಊರಲ್ಲಿ ಬೇಕಾದಷ್ಟಿದ್ದರು. ಆದರೆ ಕೇಬಲ್ ಕಳೆದುಕೊಂಡವನೂ ಅದೇ ಊರಿನವನು. ಅವನ ಕಣ್ಣೆದುರು ಕಳ್ಳನಿಗೆ ಜಾಮೀನು ನಿಲ್ಲಲು ಯಾರು ಮುಂದೆ ಬಂದಾರು?

ಕೊನೆಗೆ ಹುಡುಗನ ಸೋದರಮಾವ ಬಂದ. ಲಕ್ಷ್ಮೇಶ್ವರದವನು, ಎರಡು ಎಕರೆ ಹೊಲವಿದ್ದವನು, ಹುಡುಗನನ್ನು ಎತ್ತಿ ಆಡಿಸಿದವನು. ಉತಾರ ತಂದ, ಆಧಾರ್ ತಂದ, ಮನೆ ಕರದ ಪಾವತಿ ತಂದ. ಕಚೇರಿಯವರು ಕಾಗದ ನೋಡಿ ಹೇಳಿದರು: ‘ಇದು ಗದಗ ಜಿಲ್ಲಾ ಆಕ್ಕೈತಿ. ಲೋಕಲ್ ಶ್ಯೂರಿಟಿ ಬೇಕು.’

ನಕ್ಷೆ ನೋಡಿದವರಿಗೆ ಇದರ ಹುಚ್ಚುತನ ಕಾಣುತ್ತದೆ. ಗುಡಗೇರಿ ಇರುವುದು ಧಾರವಾಡ ಜಿಲ್ಲೆಯ ತುದಿಯಲ್ಲಿ. ಒಂದು ಕಡೆ ಹೋದರೆ ಲಕ್ಷ್ಮೇಶ್ವರ, ಗದಗ ಜಿಲ್ಲೆ. ರೈಲಿನ ಹಳಿ ಹಿಡಿದು ಹೋದರೆ ಯಲವಿಗಿ, ಹಾವೇರಿ ಜಿಲ್ಲೆ. ನಾವು ಸಂತೆ ಮಾಡುವುದು, ಹೆಣ್ಣು ಕೊಟ್ಟು ತರುವುದು, ಜಾತ್ರೆಗೆ ಹೋಗುವುದು ಎಲ್ಲ ಈ ಮೂರರ ನಡುವೆ. 1997ರ ತನಕ ಇವೆಲ್ಲ ಒಂದೇ ಧಾರವಾಡ ಜಿಲ್ಲೆ. ಸರಕಾರ ಗೆರೆ ಎಳೆದದ್ದು ಆಡಳಿತಕ್ಕೆ ಅನುಕೂಲವಾಗಲಿ ಎಂದು. ಆ ಗೆರೆ ಸೋದರಮಾವನನ್ನು ಪರಕೀಯನನ್ನಾಗಿ ಮಾಡುತ್ತದೆಂದು ಯಾರಿಗೆ ಗೊತ್ತಿತ್ತು? ನಮಗೆ ಧಾರವಾಡಕ್ಕಿಂತ ಲಕ್ಷ್ಮೇಶ್ವರ ಹತ್ತಿರ. ಆದರೆ ಧಾರವಾಡದ ಗುರುತಿಲ್ಲದವನ ಉತಾರ ನಡೆಯುತ್ತದೆ, ಲಕ್ಷ್ಮೇಶ್ವರದ ಸೋದರಮಾವನದು ನಡೆಯುವುದಿಲ್ಲ.

ಗುರುತಿಲ್ಲದವನು ಎಂದೆ. ಅದಕ್ಕೂ ಕಾರಣವಿದೆ. ಕೋರ್ಟಿನ ಅಂಗಳ ಬಲ್ಲವರಿಗೆಲ್ಲ ಬಾಡಿಗೆ ಜಾಮೀನುದಾರರು ಗೊತ್ತು. ದುಡ್ಡು ಕೊಟ್ಟರೆ ಉತಾರ ಹಿಡಿದು ಬರುತ್ತಾರೆ, ಆರೋಪಿಯ ಮುಖ ಅವತ್ತೇ ಮೊದಲು ನೋಡುತ್ತಾರೆ, ‘ಇವನನ್ನು ಬಲ್ಲೆ’ ಎಂದು ಸಹಿ ಹಾಕುತ್ತಾರೆ. ನಿಜವಾಗಿ ಬಲ್ಲವನನ್ನು ಹೊರಗೆ ಹಾಕಿ, ಬಲ್ಲೆನೆಂದು ಸುಳ್ಳು ಹೇಳುವವನನ್ನು ಒಳಗೆ ಬಿಟ್ಟುಕೊಳ್ಳುವ ಪದ್ಧತಿಯನ್ನು ನಾವು ‘ಭದ್ರತೆ’ ಎಂದು ಕರೆಯುತ್ತೇವೆ. ಹುಡುಗನ ಅಪ್ಪನ ಬಳಿ ಆ ಬಾಡಿಗೆಗೂ ದುಡ್ಡಿರಲಿಲ್ಲ.

ಜಾಮೀನು ಸಿಕ್ಕ ಮೇಲೂ ಹುಡುಗ 47 ದಿನ ಒಳಗಿದ್ದ. ಷರತ್ತು ಸಡಿಲಿಸಲು ನಾನು ಅರ್ಜಿ ಹಾಕಿದೆ, ತಾರೀಖು ಬಿತ್ತು, ಮತ್ತೆ ಬಿತ್ತು. ಕೊನೆಗೆ ಒಂದು ದಿನ ನಾನೇ ಅವನಿಗೆ ಹೇಳಿದೆ: ‘ತಮ್ಮಾ, ತಪ್ಪಾಗೇತಿ ಅಂತ ಒಪ್ಪಿಕೊಂಡು ಬಿಡು. ಇಷ್ಟು ದಿನಾ ಒಳಗಿದ್ದದ್ದನ್ನ ಶಿಕ್ಷಾ ಅಂತ ಹಿಡೀತಾರ. ಇವತ್ತ ಸಂಜೀಕ ಮನಿಗೆ ಹೋಗ್ತಿ.’ ಅವನು ಒಪ್ಪಿಕೊಂಡ. 58 ದಿನದ ಶಿಕ್ಷೆ, ಅದು ಆಗಲೇ ಮುಗಿದಿತ್ತು. ಸಂಜೆ ಮನೆಗೆ ಹೋದ. ಅವನ ಅವ್ವ ನನಗೆ ಕೈ ಮುಗಿದಳು.

ಮೂರು ವರ್ಷದ ಮೇಲೆ ಹುಡುಗ ಮತ್ತೆ ನನ್ನ ಹತ್ತಿರ ಬಂದ. ಹೆವಿ ಲೈಸೆನ್ಸ್ ಮಾಡಿಸಿದ್ದ, ಡ್ರೈವರ್ ನೌಕರಿಯೊಂದಕ್ಕೆ ಆಯ್ಕೆಯ ಹತ್ತಿರ ಬಂದಿದ್ದ. ಪೊಲೀಸ್ ವೆರಿಫಿಕೇಶನ್ನಿನಲ್ಲಿ ಶಿಕ್ಷೆಯಾದದ್ದು ಬಂತು. ಮುಗಿಯಿತು. ಅವನು ಜಗಳ ಮಾಡಲಿಲ್ಲ. ಕೇಳಿದ್ದು ಒಂದೇ ಮಾತು: ‘ವಕೀಲ್ ಸಾಹೇಬ್ರ, ಅವತ್ತ ಬ್ಯಾರೆ ದಾರಿ ಇದ್ದಿಲ್ಲೇನ್ರಿ?’

ಇತ್ತು. ಇದ್ದದ್ದು ನನಗೆ ಗೊತ್ತಿತ್ತು. 1958ರ ಕಾಯ್ದೆಯ 6ನೆಯ ಕಲಂ ಇಪ್ಪತ್ತೊಂದು ವರ್ಷದೊಳಗಿನವರ ಬಗ್ಗೆಯೇ ಇದೆ. ಅಂಥವನಿಗೆ ಪರಿವೀಕ್ಷಣೆ ಏಕೆ ಸಲ್ಲದು ಎಂದು ಕಾರಣ ಬರೆಯದೆ ಜೈಲು ಶಿಕ್ಷೆ ಕೊಡುವಂತಿಲ್ಲ. ಅದನ್ನು ತೀರ್ಮಾನಿಸಲು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು. 12ನೆಯ ಕಲಮಿನ ಪ್ರಕಾರ ಪರಿವೀಕ್ಷಣೆಯಲ್ಲಿ ಬಿಡುಗಡೆಯಾದವನಿಗೆ ಶಿಕ್ಷೆಯ ಜೊತೆ ಬರುವ ಅನರ್ಹತೆ ತಟ್ಟುವುದಿಲ್ಲ. ಆ ಕಲಂ ಇದ್ದಿದ್ದರೆ ನೌಕರಿ ಸಿಕ್ಕೇ ಬಿಡುತ್ತಿತ್ತು ಎಂದು ಹೇಳಲಾರೆ. ಆದರೆ ವಾದಿಸಲು ಅವನ ಕೈಯಲ್ಲಿ ಒಂದು ಕಾಗದ ಇರುತ್ತಿತ್ತು. ನಾನು ಅದನ್ನು ಕೇಳಲಿಲ್ಲ. ಏಕೆಂದರೆ ವರದಿ ಕೇಳಿದರೆ ಅದು ಬರಲು ಎರಡು ತಿಂಗಳೋ ನಾಲ್ಕು ತಿಂಗಳೋ ಯಾರಿಗೂ ಗೊತ್ತಿರಲಿಲ್ಲ, ಅಷ್ಟು ದಿನ ಹುಡುಗ ಒಳಗೇ ಇರಬೇಕಿತ್ತು. ಕಾಯ್ದೆಯ ಉಪಕಾರ ಪಡೆಯಲು ಜೈಲಿನಲ್ಲಿ ಕಾಯಬೇಕು, ಕಾಯ್ದೆ ಬಿಟ್ಟುಕೊಟ್ಟರೆ ಸಂಜೆಯೇ ಮನೆ. ಇಂಥ ಲೆಕ್ಕದಲ್ಲಿ ಬಡವ ಯಾವುದನ್ನು ಆರಿಸಿಕೊಳ್ಳುತ್ತಾನೆ? ವಕೀಲನಾದ ನಾನು ಯಾವುದನ್ನು ಆರಿಸಿಕೊಟ್ಟೆ?

ಈ ಅಳುಕು ತಡೆಯಲಾರದೆ ಒಂದು ಜಿಲ್ಲೆಯ ಕಚೇರಿಗೆ ಹೋದೆ. ಯಾವ ಜಿಲ್ಲೆ ಎನ್ನುವುದು ಬೇಡ. ವರದಿ ಬರೆಯಬೇಕಾದ ಅಧಿಕಾರಿ ಒಳ್ಳೆಯ ಮನುಷ್ಯರು. ಚಹಾ ತರಿಸಿದರು. ಅವರ ಮೂಲ ಹುದ್ದೆ ಬೇರೆ. ಇದು ‘ಪ್ರಭಾರ’. ಇದರ ಜೊತೆ ಇನ್ನೊಂದೂ ಪ್ರಭಾರ. ಜೀಪು ಒಂದೇ, ಅದೂ ಸಾಹೇಬರ ಸಭೆಗೆ ಹೋಗಿತ್ತು. ‘ನೀವ ಹೇಳ್ರಿ ವಕೀಲ್ರ, ಒಂದು ಕೇಬಲ್ ಕೇಸಿನ ಸಲುವಾಗಿ ನಾ ಹಳ್ಳಿಗೆ ಹೋಗಿ ಓಣಿಯೊಳಗ ಕುಂತು ವಿಚಾರ್ಸಾಕ ಯಾವಾಗ ಆಕ್ಕೈತಿ?’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಹೋಗಲಾಗದಿದ್ದಾಗ ವರದಿ ಹೇಗೆ ಹುಟ್ಟುತ್ತದೆ ಎಂಬುದು ಮಾತ್ರ ತಿಳಿಯಿತು. ಠಾಣೆಗೆ ಫೋನು ಮಾಡಿ ಕೇಳುವುದು, ಅಲ್ಲಿಂದ ಬಂದದ್ದನ್ನು ಬರೆಯುವುದು. ಹಿಡಿದವರ ಮಾತನ್ನೇ ಬಿಡಬೇಕೋ ಬೇಡವೋ ಎಂಬುದಕ್ಕೂ ಸಾಕ್ಷಿ ಮಾಡುವುದು.

ಆ ಅಧಿಕಾರಿಯನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ನಮ್ಮಲ್ಲಿ ‘ಪ್ರಭಾರ’ ಎಂಬುದು ಒಂದು ಆಡಳಿತ ತಂತ್ರ. ಹುದ್ದೆ ರದ್ದು ಮಾಡಿದರೆ ಸುದ್ದಿಯಾಗುತ್ತದೆ, ಯಾರಾದರೂ ಕೇಳುತ್ತಾರೆ. ಪ್ರಭಾರ ಕೊಟ್ಟರೆ ಹುದ್ದೆ ಕಾಗದದಲ್ಲಿ ಉಳಿಯುತ್ತದೆ, ಕೆಲಸ ಸಾಯುತ್ತದೆ, ಕೊಂದವನು ಯಾರೆಂದು ತಿಳಿಯುವುದಿಲ್ಲ. ಪೊಲೀಸ್ ವರಿಷ್ಠಾಧಿಕಾರಿಯ ಕುರ್ಚಿ ಒಂದು ವಾರ ಪ್ರಭಾರದಲ್ಲಿದ್ದರೆ ಜಿಲ್ಲೆಯೆಲ್ಲ ಮಾತಾಡುತ್ತದೆ. ಜೈಲಿಗೆ ಮೇಲಧಿಕಾರಿ ಇಲ್ಲದೆ ಒಂದು ರಾತ್ರಿ ಕಳೆಯುವುದಿಲ್ಲ. ಹಿಡಿಯುವುದಕ್ಕೆ ದೊಡ್ಡ ಸಾಹೇಬರಿದ್ದಾರೆ, ಕೂಡಿಹಾಕುವುದಕ್ಕೆ ದೊಡ್ಡ ಸಾಹೇಬರಿದ್ದಾರೆ. ಬಿಡುವುದಕ್ಕೆ ಮಾತ್ರ ದೊಡ್ಡ ಸಾಹೇಬರಿಲ್ಲ. ಬಿಡುವ ಕೆಲಸ ಯಾರ ಮೂಲ ಹುದ್ದೆಯೂ ಅಲ್ಲ.

ಇದು ಕಾನೂನಿನ ಬಡತನವೇನಲ್ಲ. 1978ರಲ್ಲಿ ಮೋತಿರಾಮ್ ಎಂಬ ಮಧ್ಯಪ್ರದೇಶದ ಗೌಂಡಿಯ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಜಾಮೀನು ಸಿಕ್ಕಿತ್ತು, ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರ ಬೇಕೆಂದರು, ಗೌಂಡಿ ತನ್ನ ಅಣ್ಣತಮ್ಮನನ್ನು ತಂದರೆ, ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿವೆ ಎಂದು ತಳ್ಳಿಹಾಕಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ಖಂಡಿಸಿದರು. ಭಾರತದವನು ಭಾರತದಲ್ಲೇ ಪರಕೀಯನಾಗುವುದು ಹೇಗೆ ಎಂಬುದು ಅವರ ತೀರ್ಪಿನ ಸಾರ. ನಮ್ಮ ಹುಡುಗನ ಸೋದರಮಾವ ಉತಾರ ಹಿಡಿದು ನಿಂತದ್ದು ಅದಾಗಿ 41 ವರ್ಷದ ಮೇಲೆ.

ಮರುವರ್ಷ, 1979ರಲ್ಲಿ, ಬಿಹಾರದ ವಿಚಾರಣಾಧೀನ ಕೈದಿಗಳ ಹುಸ್ನಾರಾ ಖಾತೂನ್ ಕೇಸು. ನ್ಯಾಯಮೂರ್ತಿ ಪಿ.ಎನ್. ಭಗವತಿ ಇನ್ನೂ ಮುಂದೆ ಹೋದರು. ಆಸ್ತಿ ನೋಡಬೇಡಿ, ಮನುಷ್ಯನ ಬೇರು ನೋಡಿ ಎಂದರು. ಊರಿನಲ್ಲಿ ಎಷ್ಟು ವರ್ಷದಿಂದಿದ್ದಾನೆ, ಕೆಲಸವೇನು, ಮನೆಯಲ್ಲಿ ಯಾರಿದ್ದಾರೆ, ಊರವರು ಏನೆನ್ನುತ್ತಾರೆ, ಹಿಂದೆ ಕೇಸಿದೆಯೇ, ಇವನಿಗೆ ನಾನಿದ್ದೇನೆ ಎನ್ನುವ ಜವಾಬ್ದಾರಿಯ ಜನರಿದ್ದಾರೆಯೇ ಎಂಬುದನ್ನೆಲ್ಲ ನೋಡಿ, ಬೇರು ಗಟ್ಟಿಯಿದ್ದರೆ ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬಹುದು ಎಂದರು. ಎಂಥ ಮಾತು! ಆದರೆ ಈ ಪ್ರಶ್ನೆಗಳಿಗೆ ಉತ್ತರ ತಂದು ನ್ಯಾಯಾಧೀಶರ ಮೇಜಿನ ಮೇಲೆ ಇಡುವವರು ಯಾರು? ಪೊಲೀಸರು ತರುವುದಿಲ್ಲ, ಅದು ಅವರ ಕೆಲಸವಲ್ಲ. ವಕೀಲ ಹೇಳಿದರೆ ಕಕ್ಷಿದಾರನ ಪರ ಹೇಳುತ್ತಾನೆ ಎನ್ನುತ್ತಾರೆ. ಉತಾರ ಮಾತ್ರ ಕಣ್ಣಿಗೆ ಕಾಣುವ ಕಾಗದ. ಹಾಗಾಗಿ ನ್ಯಾಯಾಧೀಶರೂ ಉತಾರವನ್ನೇ ಹಿಡಿಯುತ್ತಾರೆ. ಅವರು ಕಟುಕರೆಂದಲ್ಲ, ಬೇರೆ ಏನನ್ನೂ ಯಾರೂ ಅವರ ಮುಂದೆ ಇಡುವುದಿಲ್ಲ.

ಅಮೆರಿಕದಲ್ಲಿ ಈ ಕೆಲಸಕ್ಕೆಂದೇ ಕಚೇರಿಗಳಿವೆ. ಅಲ್ಲಿಯ ಫೆಡರಲ್ ಕೋರ್ಟುಗಳಲ್ಲಿ ಆರೋಪಿಯನ್ನು ಹಾಜರುಪಡಿಸಿದಾಗ ಪ್ರೀಟ್ರಯಲ್ ಅಧಿಕಾರಿ ಅವನನ್ನು ಮಾತಾಡಿಸುತ್ತಾನೆ, ಮನೆಗೆ, ಕೆಲಸದ ಜಾಗಕ್ಕೆ ವಿಚಾರಿಸಿ ತಾಳೆ ನೋಡುತ್ತಾನೆ, ಬಿಡಬಹುದೇ ಎಂದು ನ್ಯಾಯಾಧೀಶರಿಗೆ ಬರೆದು ಕೊಡುತ್ತಾನೆ. ಬಿಟ್ಟ ಮೇಲೆ ತಾರೀಖಿಗೆ ಬರುವಂತೆ ನೋಡಿಕೊಳ್ಳುವುದೂ ಅವನ ಕೆಲಸವೇ. ಇವರ ಮೇಲೆ ಒಬ್ಬ ಮುಖ್ಯ ಅಧಿಕಾರಿ. ಅವನನ್ನು ನೇಮಿಸುವುದು ಕೋರ್ಟು. ಪೊಲೀಸ್ ಇಲಾಖೆಯೂ ಅಲ್ಲ, ಜೈಲು ಇಲಾಖೆಯೂ ಅಲ್ಲ. ಇದರ ಮೂಲಪುರುಷ ಒಬ್ಬ ಬೂಟು ಹೊಲಿಯುವವ. ಬಾಸ್ಟನ್ನಿನ ಜಾನ್ ಆಗಸ್ಟಸ್. 1841ರಲ್ಲಿ ಒಬ್ಬ ಕುಡುಕನಿಗೆ ಜಾಮೀನು ನಿಂತು ಮನೆಗೆ ಕರೆದೊಯ್ದು, ಮೂರು ವಾರದ ಮೇಲೆ ಕೋರ್ಟಿಗೆ ತಂದು ನಿಲ್ಲಿಸಿದಾಗ ಗುರುತೇ ಸಿಗದಷ್ಟು ಬದಲಾಗಿದ್ದನಂತೆ. 1859ರಲ್ಲಿ ಸಾಯುವವರೆಗೆ ಆಗಸ್ಟಸ್ ಹೀಗೆ ಜಾಮೀನು ನಿಂತದ್ದು ಸಾವಿರಾರು ಜನರಿಗೆ. 1961ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಬೇಲ್ ಪ್ರಾಜೆಕ್ಟ್ ಇದನ್ನೇ ದೊಡ್ಡದಾಗಿ ಮಾಡಿ ನೋಡಿತು. ದುಡ್ಡು ಕಟ್ಟಿಸಿಕೊಳ್ಳದೆ, ಬೇರು ನೋಡಿ ಬಿಟ್ಟವರಲ್ಲಿ ಬಹುತೇಕ ಎಲ್ಲರೂ ತಾರೀಖಿಗೆ ಬಂದರು.

ಹಾಗೆಂದು ಅಮೆರಿಕದ ಕಚೇರಿಯನ್ನು ಇದ್ದ ಹಾಗೆ ಎತ್ತಿ ತಂದು ಧಾರವಾಡದಲ್ಲಿಡಿ ಎನ್ನುವವನಲ್ಲ ನಾನು. ಇವತ್ತು ಅಲ್ಲಿ ಅನೇಕ ಕಡೆ ಮನುಷ್ಯನ ಬೇರನ್ನು ಯಂತ್ರ ಅಳೆಯುತ್ತದೆ, ಅಂಕ ಕೊಡುತ್ತದೆ, ಕಾಲಿಗೆ ಜಿಪಿಎಸ್ ಕಟ್ಟುತ್ತಾರೆ. 2016ರಲ್ಲಿ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಅಂಥ ಒಂದು ಯಂತ್ರದ ಅಂಕಗಳನ್ನು ಬಿಡಿಸಿ ನೋಡಿ, ಕರಿಯರಿಗೆ ಅದು ಹೆಚ್ಚು ಅಪಾಯಕಾರಿ ಎಂಬ ತಪ್ಪು ಹಣೆಪಟ್ಟಿ ಹಚ್ಚುತ್ತದೆ ಎಂದು ಬರೆಯಿತು. ನಮ್ಮಲ್ಲಿ ಯಂತ್ರ ಯಾರಿಗೆ ಹಣೆಪಟ್ಟಿ ಹಚ್ಚೀತು ಎಂದು ಊಹಿಸಲು ಕಂಪ್ಯೂಟರ್ ಬೇಡ. ನಮ್ಮ ಸುಪ್ರೀಂ ಕೋರ್ಟೇ 2024ರ ಜುಲೈಯಲ್ಲಿ ಫ್ರಾಂಕ್ ವಿಟಸ್ ಕೇಸಿನಲ್ಲಿ, ಜಾಮೀನು ಪಡೆದವನು ಗೂಗಲ್ ಮ್ಯಾಪಿನಲ್ಲಿ ತಾನಿರುವ ಜಾಗವನ್ನು ತನಿಖಾಧಿಕಾರಿಗೆ ತೋರಿಸುತ್ತಿರಬೇಕು ಎಂಬ ಷರತ್ತು ಸಲ್ಲದು ಎಂದಿದೆ.

ಕಣ್ಗಾವಲು ಎಂಬ ಮಾತು ಬಂದಾಗ ಈ ಭಾಗದವರಾದ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಹುಬ್ಬಳ್ಳಿಯಲ್ಲಿ, ಗದಗಿನಲ್ಲಿ ‘ಸೆಟ್ಲಮೆಂಟ್’ ಎಂದರೆ ಈಗಲೂ ಆಟೋದವರು ಕರೆದೊಯ್ಯುತ್ತಾರೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಕೂಸುಗಳು ಅವು. ಮುಂಬೈ ಪ್ರಾಂತ್ಯದಲ್ಲಿ ಸ್ಟಾರ್ಟ್ ಎಂಬ ಬ್ರಿಟಿಷ್ ಅಧಿಕಾರಿ ಈ ಸೆಟ್ಲಮೆಂಟುಗಳ ಮೇಲ್ವಿಚಾರಕ. ಜಾತಿ ನೋಡಿ ಅಪರಾಧಿ ಎಂದು ಬರೆದುಕೊಂಡರು, ಬೇಲಿಯೊಳಗೆ ಇಟ್ಟರು, ಹಾಜರಿ ಕರೆದರು, ಗಿರಣಿಗೆ ದುಡಿಯಲು ಕಳಿಸಿದರು. ಅದನ್ನೂ ‘ಸುಧಾರಣೆ’ ಎಂದೇ ಕರೆದರು. 1952ರಲ್ಲಿ ಆ ಕಾಯ್ದೆ ಹೋಯಿತು. ಅದರ ಜಾಗದಲ್ಲಿ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. 2024ರ ಅಕ್ಟೋಬರಿನಲ್ಲಿ, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದನ್ನು ಸುಪ್ರೀಂ ಕೋರ್ಟು ರದ್ದು ಮಾಡಿದ ಸುಕನ್ಯಾ ಶಾಂತಾ ತೀರ್ಪಿನಲ್ಲೂ ಈ ಹಳೆಯ ಹಣೆಪಟ್ಟಿಯ ಪ್ರಸ್ತಾಪ ಬರಬೇಕಾಯಿತು.

ಆದ್ದರಿಂದ ಪರಿವೀಕ್ಷಣೆಯ ಕಚೇರಿ ಬೇಕು ಎನ್ನುವವನು, ಅದರ ಮೇಲೆ ಯಾರು ಕೂರಬೇಕು ಎಂಬುದನ್ನೂ ಹೇಳಲೇಬೇಕು. ಒಳ್ಳೆಯ ಕಾಯ್ದೆ ಕೆಟ್ಟ ಸಾಹೇಬನ ಕೈಗೆ ಸಿಕ್ಕರೆ ಹಾಜರಿ ಪುಸ್ತಕವಾಗುತ್ತದೆ. ಪೊಲೀಸ್ ಇಲಾಖೆಯಿಂದ ನಿಯೋಜನೆಯ ಮೇಲೆ ಬಂದವನು ಅಲ್ಲಿ ಕೂತರೆ ಪ್ರತಿ ಹುಡುಗನೂ ಅವನಿಗೆ ಮುಂದಿನ ಕೇಸಿನಂತೆ ಕಾಣುತ್ತಾನೆ. ಅಲ್ಲಿ ಸಮಾಜಕಾರ್ಯ ಓದಿದವರು, ಹಳ್ಳಿಯ ಓಣಿಯಲ್ಲಿ ಕೂತು ಮಾತಾಡಿ ಬಲ್ಲವರು ಬೇಕು. ಅವರು ಉತ್ತರ ಕೊಡಬೇಕಾದದ್ದು ಜಿಲ್ಲಾ ನ್ಯಾಯಾಧೀಶರಿಗೆ. ಬೇರೆ ಯಾವ ಪ್ರಭಾರವೂ ಅವರ ಕೊರಳಿಗೆ ಬೀಳಬಾರದು. ಪ್ರತಿ ತಾಲೂಕಿಗೆ ಒಬ್ಬ ಅಧಿಕಾರಿಯನ್ನು ಇಟ್ಟು, ಆರೋಪಿಯನ್ನು ಹಾಜರುಪಡಿಸಿದ ವಾರದೊಳಗೆ ಅವನ ಮನೆಗೆ ಒಬ್ಬರು ಹೋಗಿ ಬಂದ ವರದಿ ಕೋರ್ಟಿನಲ್ಲಿರುವಂತೆ ನೋಡಿಕೊಳ್ಳಬೇಕು. ವರ್ಷದ ಕೊನೆಗೆ ಕಚೇರಿಯ ಗೋಡೆಯ ಮೇಲೆ ಲೆಕ್ಕ ಹಚ್ಚಬೇಕು: ಎಷ್ಟು ವರದಿ ಕೇಳಿದರು, ಎಷ್ಟು ಕೊಟ್ಟೆವು, ಎಷ್ಟು ದಿನದಲ್ಲಿ, ಬಿಟ್ಟವರಲ್ಲಿ ಎಷ್ಟು ಜನ ತಾರೀಖಿಗೆ ಬಂದರು, ಎಷ್ಟು ಜನಕ್ಕೆ ಕೆಲಸ ಹುಡುಕಿಕೊಟ್ಟೆವು. ಕೆಲಸ ಹುಡುಕಿಕೊಡಲು ಯತ್ನಿಸುವುದು ನನ್ನ ಕವಿತ್ವವಲ್ಲ. 1958ರ ಕಾಯ್ದೆಯ 14ನೆಯ ಕಲಂ ಪರಿವೀಕ್ಷಣಾಧಿಕಾರಿಗೆ ವಿಧಿಸಿದ ಕರ್ತವ್ಯ.

ಇಷ್ಟು ಹೇಳಿದಾಗ ಮೂರು ಉತ್ತರ ಬರುತ್ತವೆ.

ಒಂದು, ಇದಕ್ಕೆಲ್ಲ ಸಮಿತಿಗಳಿವೆಯಲ್ಲ. ಇವೆ. ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ ಇದೆ. 2023ರಲ್ಲಿ ಕೇಂದ್ರ ಸರಕಾರ ಬಡ ಕೈದಿಗಳ ನೆರವಿಗೆ ಯೋಜನೆ ತಂದಿತು. ಆಗ ಅದರಲ್ಲಿ ಜಾಮೀನಿಗೆ 40,000 ರೂಪಾಯಿವರೆಗೆ, ದಂಡಕ್ಕೆ 25,000 ರೂಪಾಯಿವರೆಗೆ ಕೊಡಬಹುದಿತ್ತು. ಅದರ ಜಿಲ್ಲಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಪೊಲೀಸ್ ವರಿಷ್ಠಾಧಿಕಾರಿ, ಜೈಲಿನ ಅಧೀಕ್ಷಕರು, ಒಬ್ಬ ನ್ಯಾಯಾಧೀಶರು ಇದ್ದಾರೆ. ಪರಿವೀಕ್ಷಣಾಧಿಕಾರಿ ಸದಸ್ಯರಲ್ಲ, ಬೇಕಾದರೆ ನೆರವು ಪಡೆಯಬಹುದು, ಅಷ್ಟೆ. ಇಡೀ ಕೆಲಸ ಯಾರದಾಗಬೇಕಿತ್ತೋ ಅವರು ಹೊರಗಿನ ಬೆಂಚಿನ ಮೇಲೆ. ಅಲ್ಲದೆ ನಮ್ಮ ಹುಡುಗನಿಗೆ ಬೇಕಾದದ್ದು ರೊಕ್ಕವಾಗಿರಲಿಲ್ಲ. ಸೋದರಮಾವನ ಮಾತನ್ನು ನಂಬಬಹುದು ಎಂದು ಕೋರ್ಟಿಗೆ ಹೇಳುವ ಒಬ್ಬ ಮನುಷ್ಯ ಬೇಕಾಗಿತ್ತು. ಸಮಿತಿಗೆ ತಲೆಗಳಿರುತ್ತವೆ, ಕಾಲುಗಳಿರುವುದಿಲ್ಲ. ಗುಡಗೇರಿಗೆ ಬಸ್ಸು ಹತ್ತಿ ಬರಲು ಕಾಲು ಬೇಕು.

ಎರಡು, ಹೊಸ ಕಾನೂನು ಬಂದಿದೆಯಲ್ಲ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಲ್ಲಿ, ಮೊದಲ ಸಲದ ಆರೋಪಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು. ಒಳ್ಳೆಯದು. ಆದರೆ ಸಾದಾ ಕಳ್ಳತನಕ್ಕೆ ಗರಿಷ್ಠ ಮೂರು ವರ್ಷ. ಮೂರನೆಯ ಒಂದು ಭಾಗವೆಂದರೆ ಒಂದು ವರ್ಷ. ನಮ್ಮ ಹುಡುಗ ಕಳೆದದ್ದು 58 ದಿನ. ವರ್ಷಗಟ್ಟಲೆ ಕೊಳೆತವರನ್ನು ಹುಡುಕುವ ಬಲೆಯಲ್ಲಿ ಎರಡು ತಿಂಗಳ ಹುಡುಗರು ಸಿಗುವುದಿಲ್ಲ. ಆದರೆ ಒಂದು ಕೂಲಿ ತಪ್ಪಲು, ಒಂದು ಹಂಗಾಮು ಹೋಗಲು, ಜೈಲಿನಲ್ಲಿ ಒಬ್ಬ ಗುರು ಸಿಗಲು ಎರಡು ತಿಂಗಳು ಸಾಕು.

ಅದರ ಜೊತೆಗೇ ಬಂದ ನ್ಯಾಯ ಸಂಹಿತೆಯಲ್ಲಿ ಇನ್ನೊಂದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಕಳ್ಳತನ, ಮೊದಲ ಸಲ, ಮಾಲನ್ನೋ ಅದರ ಬೆಲೆಯನ್ನೋ ತಿರುಗಿಸಿದರೆ, ಜೈಲಿಲ್ಲ, ಸಮುದಾಯ ಸೇವೆ. ನಮ್ಮ ಹುಡುಗನಿಗೆ ಹೇಳಿ ಮಾಡಿಸಿದ ಕಲಂ. ಐದು ವರ್ಷ ತಡವಾಗಿ ಬಂತು. ಇರಲಿ, ನಾಳೆ ಇನ್ನೊಬ್ಬ ಹುಡುಗನಿಗೆ ಕೋರ್ಟು ಹೇಳಿತೆನ್ನಿ: ಹದಿನೈದು ದಿನ ಊರ ಕೆರೆಯ ಹೂಳು ತೆಗೆ, ಇಲ್ಲವೇ ಆಸ್ಪತ್ರೆಯ ಅಂಗಳ ಗುಡಿಸು. ಅವನು ಗುಡಿಸಿದನೋ ಇಲ್ಲವೋ ನೋಡುವವರು ಯಾರು? ಅವನಿಗೆ ಅವಮಾನ ಮಾಡಿ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚದಂತೆ ತಡೆಯುವವರು ಯಾರು? ಗೌಡರ ಮನೆಯ ಕಸ ಗುಡಿಸಲು ಹಚ್ಚದಂತೆ ಕಾಯುವವರು ಯಾರು? ಕಾನೂನು ಪುಸ್ತಕದಲ್ಲಿ ಕಸಬರಿಗೆ ಇದೆ. ಅದನ್ನು ಕೊಡುವ ಕೈ ಇನ್ನೂ ಇಲ್ಲ. ಆ ಕೈಯೇ ನಾನು ಕೇಳುತ್ತಿರುವ ಕಚೇರಿ.

ಮೂರನೆಯ ಉತ್ತರ ಎಲ್ಲಕ್ಕಿಂತ ಗಟ್ಟಿಯಾದದ್ದು, ಪ್ರಾಮಾಣಿಕವಾದದ್ದೂ ಕೂಡ: ಕಳ್ಳನ ಬಗ್ಗೆ ಇಷ್ಟು ಬರೆಯುತ್ತೀ, ಕಳಕೊಂಡವನ ಗತಿ? ನಮ್ಮೂರಿನಲ್ಲಿ ಬೋರಿನ ಕೇಬಲ್ ಹೋದರೆ ಬರೀ ಕೇಬಲ್ ಹೋಗುವುದಿಲ್ಲ. ಆ ರೈತನ ಬೇಸಿಗೆ ಶೇಂಗಾ ನೀರಿಲ್ಲದೆ ಒಣಗಿತು. ಅವನ ಸಿಟ್ಟು ನ್ಯಾಯವಾದದ್ದು. ನಾನು ಅವನನ್ನೂ ಹೋಗಿ ಕಂಡೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ: ‘ಅವನ್ನ ಎರಡು ತಿಂಗಳ ಒಳಗ ಇಟ್ರು, ಖರೇ. ನನ್ನ ಕೇಬಲ್ ಬಂತೇನ್ರಿ? ಸಾಕ್ಷಿ ಹೇಳಾಕ ಬಾ ಅಂತ ಮತ್ತ ನನಗ ಸಮನ್ಸ್ ಬರ್ತಿದ್ವು.’

ಅವನಿಗೂ ಗೊತ್ತಿಲ್ಲದ ಒಂದು ಸಂಗತಿಯನ್ನು ಆಗ ಹೇಳಿದೆ. 1958ರ ಕಾಯ್ದೆಯ 5ನೆಯ ಕಲಂ: ಪರಿವೀಕ್ಷಣೆಯಲ್ಲಿ ಬಿಡುವಾಗ, ಹಾನಿಯಾದವನಿಗೆ ಪರಿಹಾರ ಕೊಡು, ಖರ್ಚು ಕೊಡು ಎಂದು ಕೋರ್ಟು ಅಪರಾಧಿಗೆ ಆದೇಶಿಸಬಹುದು. ಅದನ್ನು ಕಟ್ಟಲು ನೆರವಾಗುವುದೂ ಪರಿವೀಕ್ಷಣಾಧಿಕಾರಿಯ ಕರ್ತವ್ಯಗಳಲ್ಲೊಂದು. ಹುಡುಗ ಹೊರಗಿದ್ದು ಕೂಲಿ ಮಾಡಿ ತಿಂಗಳಿಗೆ ಐದುನೂರರಂತೆ ಕೊಟ್ಟಿದ್ದರೂ ಒಂಬತ್ತು ತಿಂಗಳಲ್ಲಿ ಕೇಬಲ್ಲಿನ ಬೆಲೆ ತೀರುತ್ತಿತ್ತು. ಜೈಲಿನಲ್ಲಿಟ್ಟದ್ದರಿಂದ ಸರಕಾರಕ್ಕೆ ಅವನ ಊಟದ ಖರ್ಚು, ಅಪ್ಪನಿಗೆ ಓಡಾಟದ ಖರ್ಚು, ರೈತನಿಗೆ ಸೊನ್ನೆ. ರೈತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮತ್ತ ಅದನ್ನ ಯಾಕ ಮಾಡ್ಲಿಲ್ರಿ ನೀವು?’ ಎಂದ. ಹುಡುಗ ಕೇಳಿದ್ದೂ ಅದೇ. ಕದ್ದವನೂ ಕಳಕೊಂಡವನೂ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ ಎಂದರೆ ಆ ಪ್ರಶ್ನೆ ಮೃದುತ್ವದ್ದೂ ಅಲ್ಲ, ಕಾಠಿಣ್ಯದ್ದೂ ಅಲ್ಲ. ಅದು ಕೆಲಸದ ಪ್ರಶ್ನೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರು ಇನ್ನೂ ತಪ್ಪಿತಸ್ಥರೆಂದು ತೀರ್ಮಾನವಾಗದವರು. ಆ ವರ್ಷದ ಸಂವಿಧಾನ ದಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ನ್ಯಾಯಮೂರ್ತಿಗಳೆದುರು ಬಡ ಕೈದಿಗಳ ಬಗ್ಗೆ ಮಾತಾಡಿದರು, ದೇಶ ಕೇಳಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಜಾಮೀನು ಸಿಕ್ಕರೂ ತಿಂಗಳೊಳಗೆ ಹೊರಬರಲಾಗದವರ ಷರತ್ತನ್ನು ಕೋರ್ಟುಗಳು ತಾವಾಗಿಯೇ ಮರುಪರಿಶೀಲಿಸಬಹುದು, ಸ್ಥಳೀಯ ಜಾಮೀನುದಾರನೇ ಬೇಕೆಂದು ಹಟ ಹಿಡಿಯಬಾರದು ಎಂಬ ಅರ್ಥದ ಸೂಚನೆ ಕೊಟ್ಟಿತು. 1978ರ ಮಾತನ್ನೇ 2023ರಲ್ಲಿ ಮತ್ತೆ ಹೇಳಬೇಕಾಯಿತು. ಮೇಲಿನಿಂದ ಮಾತು ಬರುವುದರಲ್ಲಿ ಕೊರತೆಯಿಲ್ಲ. ಅದನ್ನು ಕೆಳಗೆ ಹಿಡಿದುಕೊಳ್ಳುವವರು ಬೇಕು. ಹಿಡಿದುಕೊಳ್ಳುವುದು ತನ್ನ ನೌಕರಿ, ತನ್ನ ಮರ್ಯಾದೆ, ತನ್ನ ಬಡ್ತಿ ಎಂದು ತಿಳಿದ ಒಬ್ಬ ಅಧಿಕಾರಿ ಜಿಲ್ಲೆಗೆ ಬೇಕು.

ಮುಂಬೈ ಪ್ರಾಂತ್ಯದಲ್ಲಿದ್ದಾಗ ಧಾರವಾಡ ಇಂಥ ವಿಚಾರಗಳಿಗೆ ಹೊಸ ಊರಾಗಿರಲಿಲ್ಲ. ಎಳೆಯ ಅಪರಾಧಿಗಳನ್ನು ದೊಡ್ಡ ಕೈದಿಗಳಿಂದ ಬೇರೆ ಇಡುವ ಬೋರ್ಸ್ಟಲ್ ಶಾಲೆ ಧಾರವಾಡದಲ್ಲಿತ್ತು. ಕೇಂದ್ರದ ಕಾಯ್ದೆಗಿಂತ ಇಪ್ಪತ್ತು ವರ್ಷ ಮೊದಲೇ, 1938ರಲ್ಲಿ, ಮುಂಬೈ ಪ್ರಾಂತ್ಯ ತನ್ನದೇ ಪ್ರೊಬೇಷನ್ ಕಾಯ್ದೆ ಮಾಡಿತ್ತು. ಅಂದರೆ ಇದು ನಮ್ಮ ನೆಲಕ್ಕೆ ಹೊರಗಿನ ಸರಕಲ್ಲ. ನಾವೇ ಇಟ್ಟು ಮರೆತದ್ದು.

ನಾನು ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ಇಪ್ಪತ್ತೊಂದರೊಳಗಿನ ಹುಡುಗನ ಕೇಸು ಬಂದರೆ, ಎಷ್ಟೇ ಸಣ್ಣದಿರಲಿ, 6ನೆಯ ಕಲಮಿನ ವರದಿ ತರಿಸಿ ಎಂದು ಅರ್ಜಿ ಹಾಕುತ್ತೇನೆ. ಕೋರ್ಟಿನ ಸಿಬ್ಬಂದಿಗೆ ಇದು ಕಿರಿಕಿರಿ. ವರದಿ ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಆದರೆ ಬರಲಿಲ್ಲ ಎಂಬುದಾದರೂ ಕಾಗದದ ಮೇಲೆ ದಾಖಲಾಗುತ್ತದೆ. ನನ್ನ ಜೊತೆಯ ವಕೀಲರೂ ಇದನ್ನು ಮಾಡಲಿ. ಪ್ರಭಾರದ ಕುರ್ಚಿಯ ಮುಂದೆ ಅರ್ಜಿಗಳ ರಾಶಿ ಬೆಳೆದರೆ, ಕುರ್ಚಿ ಖಾಲಿಯಿದೆ ಎಂಬುದು ದೂರದಿಂದಲೂ ಕಂಡೀತು.

ಹುಡುಗ ಈಗ ಇಪ್ಪತ್ತೈದು ದಾಟಿದ್ದಾನೆ. ಯಾರದೋ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಎದುರಾದರೆ ‘ನಮಸ್ಕಾರ್ರಿ’ ಎನ್ನುತ್ತಾನೆ. ಹೋದ ಸುಗ್ಗಿಯಲ್ಲಿ ಕೇಬಲ್ ಕಳಕೊಂಡ ಆ ರೈತನ ಹೊಲದ ಕಡಲೆಯನ್ನೂ ಅವನೇ ಹೇರಿ ತಂದನಂತೆ. ಇಬ್ಬರ ನಡುವೆ ಊರು ತನಗೆ ತಿಳಿದ ಹಾಗೆ ಯಾವುದೋ ಒಂದು ರಾಜಿ ಮಾಡಿಸಿದೆ. ಸರಕಾರಿ ದಫ್ತರಿನಲ್ಲಿ ಮಾತ್ರ ಅವನು ಇನ್ನೂ ಶಿಕ್ಷೆಯಾದ ಕಳ್ಳ. ಊರು ಮಾಡಿ ಮುಗಿಸಿದ ಕೆಲಸವನ್ನು ಮಾಡಲು ಸರಕಾರಕ್ಕೆ ಒಬ್ಬ ಅಧಿಕಾರಿ ಸಿಗಲಿಲ್ಲ.